ಮಾತನ್ನು ಬೀಜಗಣಿತವಾಗಿಸಿದ ಉಪಾಧ್ಯಾಯ ಜಾರ್ಜ್ ಬೂಲ್

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಗ್ರಾಮಗಳಿಂದ ಬಂದು ಓದುವ ಮಕ್ಕಳು ಇಂದು ವಿದ್ಯಾರ್ಥಿವೇತನಕ್ಕಾಗಲಿ ಉದ್ಯೋಗಕ್ಕಾಗಲಿ ಬರೆಯಬೇಕಾದ ಪರೀಕ್ಷೆಗಳಲ್ಲಿ ತರ್ಕಸಾಮರ್ಥ್ಯದ ಪ್ರಶ್ನೆಗಳು ತಪ್ಪದೆ ಇರುತ್ತವೆ. ಎರಡು ಹೇಳಿಕೆಗಳನ್ನು ಕೊಟ್ಟು, ಅವುಗಳಿಂದ ಕೆಳಗಿನ ತೀರ್ಮಾನವು ಹೊರಡುತ್ತದೆಯೇ ಇಲ್ಲವೇ ಎಂದು ಕೇಳುವುದು ಅವುಗಳ ರೂಢಿಯ ರೀತಿ. ತಂಬಾಕು ಬೆಳೆಯುವವರೆಲ್ಲರೂ ರೈತರು. ರೈತರಲ್ಲಿ ಕೆಲವರು ಹಾಲಿನ ಸಂಘದ ಸದಸ್ಯರು. ಆದುದರಿಂದ ತಂಬಾಕು ಬೆಳೆಯುವವರಲ್ಲಿ ಕೆಲವರು ಹಾಲಿನ ಸಂಘದ ಸದಸ್ಯರು. ಇಂತಹುದೊಂದು ಪ್ರಶ್ನೆಯನ್ನು ಹುಣಸೂರು ಸೀಮೆಯ ಬಾಲಕನ ಮುಂದಿಟ್ಟರೆ ಅವನು ತಡಮಾಡದೆ ಹೌದೆಂದು ಗುರುತು ಹಾಕುತ್ತಾನೆ. ಬೆಳಗಿನಲ್ಲಿ ಡೇರಿಗೆ ಹಾಲು ಹಾಕಿ ಬಂದು ತಂಬಾಕಿನ ಹೊಲಕ್ಕೆ ಇಳಿಯುವ ತಂದೆಯನ್ನು ಅವನು ದಿನವೂ ಕಂಡಿದ್ದಾನೆ. ಲೋಕದಲ್ಲಿ ಆ ಮಾತು ನಿಜ. ಆದರೆ ಕೊಟ್ಟ ಎರಡು ಹೇಳಿಕೆಗಳಿಂದ ಅದು ಹೊರಡುವುದಿಲ್ಲ. ಸಂಘದ ಸದಸ್ಯರಾದ ಆ ಕೆಲವು ರೈತರು ಕೇವಲ ಭತ್ತ ಬೆಳೆಯುವವರೇ ಆಗಿರಬಹುದು. ಬಾಲಕನಿಗೆ ತಿಳಿವಳಿಕೆ ಕಡಮೆಯಾಗಿ ಅಂಕ ಹೋಗಲಿಲ್ಲ, ತಿಳಿವಳಿಕೆ ಹೆಚ್ಚಾಗಿ ಹೋಯಿತು.

ತಿಳಿದುದನ್ನು ಕ್ಷಣಕಾಲ ಬದಿಗಿರಿಸಿ, ಹೇಳಿದುದನ್ನಷ್ಟೇ ಹಿಡಿದು ನಡೆಯುವುದಕ್ಕೆ ಒಂದು ಉಪಾಯವಿದೆ. ತಂಬಾಕು ಬೆಳೆಯುವವರನ್ನು ತ ಎಂದೂ ರೈತರನ್ನು ರ ಎಂದೂ ಸಂಘದ ಸದಸ್ಯರನ್ನು ಹ ಎಂದೂ ಕರೆದುಬಿಟ್ಟರೆ, ಅಕ್ಷರಗಳಿಗೆ ಹೊಲವೂ ಇಲ್ಲ, ಹಸುವೂ ಇಲ್ಲ. ಅವುಗಳ ನಡುವಣ ಸಂಬಂಧವೊಂದೇ ಉಳಿಯುತ್ತದೆ. ಜನರ ಮಾತನ್ನು ಹೀಗೆ ಅಕ್ಷರಗಳಿಗೆ ಇಳಿಸಿ, ಬೀಜಗಣಿತದ ಲೆಕ್ಕದಂತೆ ಬಿಡಿಸಬಹುದೆಂದು ಕ್ರಮಬದ್ಧವಾಗಿ ತೋರಿಸಿದವನು ಜಾರ್ಜ್ ಬೂಲ್. ಅವನು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಓದಿದವನಲ್ಲ. ಹದಿನಾರನೆಯ ವಯಸ್ಸಿಗೆ ಶಾಲೆಯ ಉಪಾಧ್ಯಾಯನಾಗಿ, ಉಪಾಧ್ಯಾಯನಾಗಿಯೇ ಕೀರ್ತಿಶೇಷನಾದವನು.

ಬೂಲನು ೧೮೧೫ನೆಯ ಇಸವಿ ನವೆಂಬರ್ ೨ರಂದು ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಜನಿಸಿದನು. ತಂದೆ ಜಾನ್ ಬೂಲನದು ಪಾದರಕ್ಷೆಗಳನ್ನು ಹೊಲಿಯುವ ಕಾಯಕ. ಮಾದಾರ ಚೆನ್ನಯ್ಯ, ಹರಳಯ್ಯನವರ ಹೆಸರನ್ನು ಕೈಮುಗಿದು ಹೇಳುವ ನಾಡಿನ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಆದರೆ ಆ ಕಾಲದ ಇಂಗ್ಲೆಂಡಿನಲ್ಲಿ ಅಂತಹ ಮನೆಯ ಮಗನಿಗೆ ಉನ್ನತ ವಿದ್ಯೆಯ ಬಾಗಿಲು ಮುಚ್ಚಿದ್ದಂತೆಯೇ ಸರಿ. ಜಾನ್ ಬೂಲನಿಗೆ ಚರ್ಮಕ್ಕಿಂತ ಗಾಜಿನ ಮೇಲೆ ಒಲವು ಹೆಚ್ಚು. ದೂರದರ್ಶಕ ಯಂತ್ರಗಳನ್ನು ತಾನೇ ಮಾಡಿ, ಭಗವಂತನ ಸೃಷ್ಟಿಯನ್ನು ಭಕ್ತಿಯಿಂದ ನೋಡಬಯಸುವವರು ಒಳಗೆ ಬರಬಹುದೆಂದು ಅಂಗಡಿಯ ಕಿಟಕಿಯಲ್ಲಿ ಬರೆದಿರಿಸಿದ್ದನಂತೆ. ಇಂತಹವನ ವ್ಯಾಪಾರ ಏಳಿಗೆಯಾಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಮಗನಿಗೆ ಗಣಿತದ ಮೊದಲ ಪಾಠ ಹೇಳಿದವನು ಅವನೇ. ಲ್ಯಾಟಿನ್ ಭಾಷೆಯನ್ನು ಊರಿನ ಪುಸ್ತಕ ವ್ಯಾಪಾರಿಯೊಬ್ಬನು ಕಲಿಸಿದನು. ಗ್ರೀಕ್ ಭಾಷೆಯನ್ನು ಹುಡುಗನು ತಾನಾಗಿಯೇ ಕಲಿತನು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಗ್ರೀಕ್ ಕವಿತೆಯನ್ನು ಇಂಗ್ಲಿಷಿಗೆ ತಂದು ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾದಾಗ, ಇದು ಇಷ್ಟು ಎಳೆಯ ಹುಡುಗನ ಕೆಲಸವಾಗಿರಲಾರದೆಂದು ಒಬ್ಬ ಉಪಾಧ್ಯಾಯನು ಅದೇ ಪತ್ರಿಕೆಯಲ್ಲಿ ವಾದಕ್ಕೆ ನಿಂತನು. ಬಡವರ ಮಗನ ಜಾಣತನವನ್ನು ಮೊದಲು ಸಂದೇಹಿಸುವವರು ಎಲ್ಲ ದೇಶದಲ್ಲಿಯೂ ಇದ್ದಾರೆ.

೧೮೩೧ರಲ್ಲಿ ತಂದೆಯ ಅಂಗಡಿ ಬಿದ್ದುಹೋಯಿತು. ಮನೆಯ ಭಾರವು ಹದಿನಾರು ವರ್ಷದ ಹಿರಿಯ ಮಗನ ಹೆಗಲಿಗೆ ಬಂದಿತು. ಪುರೋಹಿತ ದೀಕ್ಷೆ ಪಡೆಯಬೇಕೆಂಬ ಆಸೆಯನ್ನು ಬಿಟ್ಟು ಅವನು ಡಾನ್‌ಕಾಸ್ಟರ್ ಎಂಬ ಊರಿನ ಖಾಸಗಿ ಶಾಲೆಯಲ್ಲಿ ಸಹಾಯಕ ಉಪಾಧ್ಯಾಯನಾದನು. ಕೈಯಲ್ಲಿ ಕಾಸು ಕಡಮೆ. ಆದುದರಿಂದ ಗಣಿತದ ಗ್ರಂಥಗಳನ್ನೇ ಕೊಳ್ಳುತ್ತಿದ್ದನಂತೆ. ಕಥೆಯ ಪುಸ್ತಕ ಎರಡು ದಿನಕ್ಕೆ ಮುಗಿದುಹೋಗುತ್ತದೆ, ಗಣಿತದ ಪುಸ್ತಕವಾದರೆ ತಿಂಗಳುಗಟ್ಟಲೆ ಬಾಳುತ್ತದೆ ಎಂಬುದು ಅವನ ಲೆಕ್ಕ. ಆ ಊರಿನ ಬಯಲೊಂದರಲ್ಲಿ ನಡೆದು ಹೋಗುತ್ತಿದ್ದಾಗ, ಹದಿನೇಳರ ತರುಣನಿಗೆ, ಮನುಷ್ಯನ ವಿಚಾರಕ್ರಮವನ್ನು ಬೀಜಗಣಿತದ ಚಿಹ್ನೆಗಳಲ್ಲಿ ಬರೆಯಬಹುದೆಂಬ ಹೊಳಹು ಮಿಂಚಿನಂತೆ ಬಂದಿತೆಂದು ಅವನ ಪತ್ನಿಯು ಮುಂದೆ ಹೇಳಿದ್ದಾಳೆ. ಆ ಮಿಂಚು ಗ್ರಂಥವಾಗಲು ಹದಿನಾಲ್ಕು ವರ್ಷ ಕಾಯಬೇಕಾಯಿತು. ನಡುವೆ ಶಾಲೆ ನಡೆಸಬೇಕಾಗಿತ್ತು, ಮನೆ ನಡೆಸಬೇಕಾಗಿತ್ತು.

೧೮೩೪ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬೂಲನು ಲಿಂಕನ್ನಿನಲ್ಲಿ ಸ್ವಂತ ಶಾಲೆಯನ್ನು ತೆರೆದನು. ಕೆಲವು ವರ್ಷ ಹತ್ತಿರದ ವ್ಯಾಡಿಂಗ್‌ಟನ್ ಗ್ರಾಮದ ಶಾಲೆಯನ್ನು ನಡೆಸಿ, ೧೮೪೦ರಲ್ಲಿ ಮರಳಿ ಬಂದು ವಸತಿಶಾಲೆಯನ್ನು ಸ್ಥಾಪಿಸಿದನು. ಮನೆಯವರೆಲ್ಲರೂ ಅದರಲ್ಲಿ ದುಡಿದರು. ಬಾಯಿಪಾಠಕ್ಕಿಂತ ಅರ್ಥಗ್ರಹಣವೇ ಮುಖ್ಯವೆಂಬುದು ಅವನ ಬೋಧನೆಯ ನಿಯಮ.

ಇಲ್ಲಿ ದಾನಿಗಳ ವಿಷಯವಾಗಿ ಒಂದು ಮಾತು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಲಿಂಕನ್ನಿನಲ್ಲಿ ಕುಶಲಕರ್ಮಿಗಳಿಗಾಗಿ ಒಂದು ವಿದ್ಯಾಸಂಸ್ಥೆ ಏರ್ಪಟ್ಟಿತ್ತು. ಅದರ ಪುಸ್ತಕಭಂಡಾರವು ಉಳ್ಳವರ ಕೊಡುಗೆಯಿಂದ ಬೆಳೆದುದು. ಅದನ್ನು ನೋಡಿಕೊಳ್ಳುವ ಕೆಲಸ ಬೂಲನ ತಂದೆಯದು. ಅಧ್ಯಕ್ಷನಾಗಿದ್ದ ಸರ್ ಎಡ್ವರ್ಡ್ ಬ್ರಾಮ್‌ಹೆಡ್ ತನ್ನ ಮನೆಯ ಗ್ರಂಥಗಳನ್ನು ಈ ತರುಣನಿಗೆ ಎರವಲು ಕೊಟ್ಟನು. ೧೮೩೫ರಲ್ಲಿ ನ್ಯೂಟನ್ನನ ಅಮೃತಶಿಲೆಯ ಪ್ರತಿಮೆಯೊಂದನ್ನು ಶ್ರೀಮಂತನೊಬ್ಬನು ಸಂಸ್ಥೆಗೆ ಕೊಟ್ಟಾಗ, ನ್ಯೂಟನ್ನನನ್ನು ಕುರಿತು ಉಪನ್ಯಾಸ ಮಾಡಿದವನು ಹತ್ತೊಂಬತ್ತರ ಬೂಲನೇ. ಲಗ್ರಾಂಜ್, ಲಾಪ್ಲಾಸರ ಕಠಿನ ಗ್ರಂಥಗಳನ್ನು ಅವನು ಗುರುವಿಲ್ಲದೆ ಓದಿ ಅರಗಿಸಿಕೊಂಡನು. ಗ್ರಂಥವನ್ನು ಎರವಲು ಕೊಟ್ಟವರಿಗೆ ಅದರ ಫಲ ಇಂತಹುದಾದೀತೆಂದು ತಿಳಿದಿರಲಾರದು. ದಾಸೋಹದ ಅನ್ನವನ್ನು ಉಂಡವನು ಮುಂದೆ ಏನಾಗುವನೆಂದು ಬಡಿಸುವವನು ಎಲ್ಲಿ ಕೇಳುತ್ತಾನೆ?

ಕೇಂಬ್ರಿಡ್ಜಿನ ಗಣಿತ ಪತ್ರಿಕೆಯ ಸಂಪಾದಕ ಡಂಕನ್ ಗ್ರೆಗರಿಯು ಬೂಲನ ಲೇಖನಗಳನ್ನು ಪ್ರಕಟಿಸಿ ಪ್ರೋತ್ಸಾಹಿಸಿದನು. ಕೇಂಬ್ರಿಡ್ಜಿಗೇ ಬಂದು ಓದಬಾರದೇಕೆಂಬ ವಿಚಾರವೂ ನಡೆಯಿತು. ಆದರೆ ಶಾಲೆಯನ್ನು ಮುಚ್ಚಿದರೆ ತಂದೆತಾಯಿಗಳ ಅನ್ನಕ್ಕೆ ದಾರಿಯಿಲ್ಲ. ಆ ಆಸೆಯನ್ನು ಅವನು ಅಲ್ಲಿಗೇ ಬಿಟ್ಟನು. ೧೮೪೪ರಲ್ಲಿ ರಾಯಲ್ ಸೊಸೈಟಿಯು ಅವನ ಗಣಿತಪ್ರಬಂಧಕ್ಕೆ ಚಿನ್ನದ ಪದಕವನ್ನು ನೀಡಿತು. ಪದಕ ಪಡೆದ ಮೇಲೆಯೂ ಅವನು ಮಕ್ಕಳ ಲೆಕ್ಕದ ಪುಸ್ತಕಗಳನ್ನು ತಿದ್ದುತ್ತಲೇ ಇದ್ದನು. ೧೮೪೭ರಲ್ಲಿ ಅಂಗಡಿಯ ನೌಕರರಿಗೆ ಸಂಜೆ ಬೇಗ ಬಿಡುವು ದೊರೆಯಬೇಕೆಂದು ಹೋರಾಡುತ್ತಿದ್ದ ಸಂಘದ ಪರವಾಗಿ, ಬಿಡುವಿನ ವೇಳೆಯ ಸದುಪಯೋಗವನ್ನು ಕುರಿತು ಭಾಷಣ ಮಾಡಿದನು.

ಅದೇ ವರ್ಷ ತರ್ಕಶಾಸ್ತ್ರದಲ್ಲಿ ಒಂದು ಜಗಳವೆದ್ದಿತು. ಎಡಿನ್‌ಬರೋದ ಸರ್ ವಿಲಿಯಂ ಹ್ಯಾಮಿಲ್ಟನ್ ಎಂಬ ತತ್ತ್ವಶಾಸ್ತ್ರಜ್ಞನು, ಲಂಡನ್ನಿನ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ ತನ್ನ ವಿಚಾರವನ್ನು ಅಪಹರಿಸಿದನೆಂದು ಆಪಾದಿಸಿದನು. ಈ ಡಿ ಮಾರ್ಗನ್ ೧೮೦೬ರಲ್ಲಿ ನಮ್ಮ ನೆರೆನಾಡಿನ ಮಧುರೆಯಲ್ಲಿ ಹುಟ್ಟಿದವನು. ಜಗಳದ ಸುದ್ದಿಯು ಬೂಲನ ಹಳೆಯ ಹೊಳಹನ್ನು ಎಚ್ಚರಿಸಿತು. ಆ ವರ್ಷದ ಕೊನೆಯಲ್ಲಿ ತರ್ಕದ ಗಣಿತಾತ್ಮಕ ವಿಶ್ಲೇಷಣೆಯನ್ನು ಕುರಿತ ಅವನ ಕಿರುಪುಸ್ತಕ ಹೊರಬಿದ್ದಿತು. ಜಗಳವಾಡಿದವರ ವಿವಾದವನ್ನು ಇಂದು ಯಾರೂ ಓದುವುದಿಲ್ಲ.

ಅವನ ಪದ್ಧತಿಯ ತಿರುಳನ್ನು ನಮ್ಮ ಮಕ್ಕಳ ಪ್ರಶ್ನೆಯಿಂದಲೇ ತಿಳಿಯಬಹುದು. ವಿಚಾರಕ್ಕೆ ಬರುವ ಸಮಸ್ತವೂ ೧; ಏನೂ ಇಲ್ಲದುದು ೦. ರ ಎಂದರೆ ರೈತರಾದರೆ, ರೈತರಲ್ಲದವರು ೧ − ರ. ಎರಡು ಅಕ್ಷರಗಳನ್ನು ಗುಣಿಸಿದರೆ ಎರಡು ಲಕ್ಷಣವೂ ಉಳ್ಳವರು. ತಂಬಾಕು ಬೆಳೆಯುವವರೆಲ್ಲರೂ ರೈತರು ಎಂದರೆ, ತಂಬಾಕು ಬೆಳೆಯುವವರಾಗಿದ್ದು ರೈತರಲ್ಲದವರು ಒಬ್ಬರೂ ಇಲ್ಲ ಎಂದರ್ಥ; ತ × (೧ − ರ) = ೦. ನ್ಯಾಯಶಾಸ್ತ್ರವನ್ನು ಪಾಠ ಕೇಳಿದವರಿಗೆ ಇದು ಹಳೆಯ ಪರಿಚಯ. ಹೊಗೆಯಿಂದ ಬೆಂಕಿಯನ್ನು ಊಹಿಸುವಾಗ ನೈಯಾಯಿಕರು ಹೇಳುವ ವ್ಯಾಪ್ತಿಯೂ ಇದೇ: ಬೆಂಕಿಯಿಲ್ಲದೆಡೆಯಲ್ಲಿ ಹೊಗೆ ಇರದು. ಬೆಂಕಿಯಿಂದ ಹೊಗೆಯನ್ನು ಊಹಿಸಬಾರದೆನ್ನಲು ಅವರು ಕೊಡುವ ಕಾದ ಕಬ್ಬಿಣದ ಗುಂಡಿನ ದೃಷ್ಟಾಂತವು, ತ ಮತ್ತು ರಗಳನ್ನು ಅದಲುಬದಲು ಮಾಡಬಾರದೆಂಬ ಪಾಠವೇ ಆಗಿದೆ. ಭೇದವಿಷ್ಟೆ: ನೈಯಾಯಿಕರು ಮಾತನ್ನು ಇನ್ನೂ ಬಿಗಿಯಾದ ಮಾತಿನಿಂದ ಕಟ್ಟಿದರು, ಬೂಲನು ಅಕ್ಷರದಿಂದ ಕಟ್ಟಿ ಲೆಕ್ಕಕ್ಕೆ ಬಿಟ್ಟನು.

ಚಿಹ್ನೆಗೆ ಇಳಿಸುವುದೆಂದರೆ ಯಾಂತ್ರಿಕ ಕೆಲಸವೆಂದು ಭಾವಿಸುವವರುಂಟು. ಲೆಕ್ಕ ಬಿಡಿಸುವುದು ಯಾಂತ್ರಿಕವಾಗಬಹುದು, ಇಳಿಸುವುದು ಹಾಗಲ್ಲ. ಹೇಳಿದವನು ಏನು ಹೇಳಿದನೆಂದು ಮೊದಲು ನಿಶ್ಚಯಿಸಬೇಕು. ಮಕ್ಕಳೆಲ್ಲರೂ ಬಂದಿಲ್ಲ ಎಂಬ ಕನ್ನಡ ವಾಕ್ಯವನ್ನೇ ತೆಗೆದುಕೊಳ್ಳಬಹುದು. ಒಬ್ಬರೂ ಬಂದಿಲ್ಲವೆಂದೂ ಅರ್ಥವಾದೀತು, ಕೆಲವರು ಬಂದು ಕೆಲವರು ಉಳಿದರೆಂದೂ ಅರ್ಥವಾದೀತು. ಮೊದಲನೆಯದಾದರೆ ಮ × ಬ = ೦; ಎರಡನೆಯದಾದರೆ ಬಾರದ ಮಕ್ಕಳು ಶೂನ್ಯವಲ್ಲವೆಂದಷ್ಟೇ ಬರೆಯಬೇಕು. ಅಕ್ಷರವು ಎರಡರಲ್ಲೊಂದನ್ನು ಆರಿಸಿಕೋ ಎಂದು ಹಟಹಿಡಿಯುತ್ತದೆ. ಮಾತ್ರ ಎಂಬ ಪುಟ್ಟ ಪದವು ಮಾಡುವ ಅನರ್ಥವಂತೂ ಹೇಳತೀರದು. ಕಬಿನಿ ಜಲಾಶಯ ತುಂಬಿದರೆ ನಾಲೆಗೆ ನೀರು ಬಿಡುತ್ತಾರೆ ಎಂಬುದೊಂದು. ತುಂಬಿದರೆ ಮಾತ್ರ ಬಿಡುತ್ತಾರೆ ಎಂಬುದೊಂದು. ನಾಲೆಯಲ್ಲಿ ನೀರು ಕಂಡಾಗ ಜಲಾಶಯ ತುಂಬಿತೆಂದು ಎರಡನೆಯ ಮಾತಿನಿಂದ ಹೇಳಬಹುದು, ಮೊದಲನೆಯದರಿಂದ ಹೇಳಲಾಗದು. ಇಂತಹ ವಾಕ್ಯಗಳಿಗೆ ಬೂಲನು ಕಾಲವನ್ನು ಅಳತೆಯಾಗಿ ಹಿಡಿದನು. ಕ ಎಂದರೆ ಜಲಾಶಯ ತುಂಬಿರುವ ಕಾಲ, ನ ಎಂದರೆ ನಾಲೆಯಲ್ಲಿ ನೀರಿರುವ ಕಾಲ. ಮೊದಲನೆಯದು ಕ × (೧ − ನ) = ೦; ಎರಡನೆಯದು ನ × (೧ − ಕ) = ೦. ಒಂದು ಪದ ಸೇರಿದೊಡನೆ ಅಕ್ಷರಗಳು ಸ್ಥಾನ ಬದಲಿಸಿದುವು. ಪರೀಕ್ಷೆಯ ಪ್ರಶ್ನೆಗಳಲ್ಲಿ ಜಾಣ ಮಕ್ಕಳೂ ಎಡವುವ ಕಲ್ಲು ಇದೇ.

ಅಥವಾ ಎಂಬುದರಲ್ಲಿಯೂ ಎಚ್ಚರ ಬೇಕು. ಅವನು ಹುಣಸೂರಿನಲ್ಲಿದ್ದಾನೋ ಕೃಷ್ಣರಾಜನಗರದಲ್ಲಿದ್ದಾನೋ ಎಂದರೆ ಎರಡೂ ಏಕಕಾಲದಲ್ಲಿ ಆಗದು. ತಂದೆಯಾಗಲಿ ತಾಯಿಯಾಗಲಿ ಸಹಿ ಮಾಡಬಹುದು ಎಂದರೆ ಇಬ್ಬರೂ ಮಾಡಿದರೆ ದೋಷವಿಲ್ಲ. ಬೂಲನು ಕೂಡುವ ಚಿಹ್ನೆಯನ್ನು ಮೊದಲನೆಯ ಅರ್ಥದಲ್ಲಿಯೇ ಬಳಸಿದನು. ಎರಡನೆಯದಕ್ಕೆ ಹಾದಿ ಮಾಡಿಕೊಟ್ಟವರು ಅವನ ತರುವಾಯದವರು. ಕೆಲವರು ಎಂಬುದನ್ನು ಬರೆಯಲು ಅವನು ಹೂಡಿದ ಉಪಾಯವೂ ಸಮರ್ಪಕವಾಗಿರಲಿಲ್ಲ. ಅವನ ಹೆಣಿಗೆಯಲ್ಲಿ ಸಡಿಲವಾಗಿ ಉಳಿದ ಗಂಟು ಅದು.

ಅವನ ಪದ್ಧತಿಯಲ್ಲಿ ಅತ್ಯಂತ ಹೊಸದಾದ ನಿಯಮವೊಂದಿದೆ. ಅಕ್ಷರವನ್ನು ಅದರಿಂದಲೇ ಗುಣಿಸಿದರೆ ಅದೇ ಉಳಿಯುತ್ತದೆ; ಬ × ಬ = ಬ. ಬಿಳಿಯ ವಸ್ತುಗಳಲ್ಲಿ ಮತ್ತೆ ಬಿಳಿಯವನ್ನು ಆರಿಸಿದರೆ ಅವೇ ಅಲ್ಲವೆ? ಸಂಖ್ಯೆಗಳಲ್ಲಿ ಈ ನಿಯಮಕ್ಕೆ ಒಪ್ಪುವುವು ೦ ಮತ್ತು ೧ ಎರಡೇ. ಇದರಿಂದಲೇ ಬ × (೧ − ಬ) = ೦ ಎಂದು, ಒಂದು ವಸ್ತುವು ಬಿಳಿದೂ ಬಿಳಿಯಲ್ಲದುದೂ ಆಗಲಾರದೆಂಬ ತತ್ತ್ವವನ್ನು ಅವನು ಲೆಕ್ಕದ ಮೂಲಕ ಹೊರಡಿಸಿದನು. ಕನ್ನಡ ವ್ಯಾಕರಣ ಬಲ್ಲವರು ಮಾತ್ರ ಇಲ್ಲಿ ನಸುನಗಬಹುದು. ನಮ್ಮಲ್ಲಿ ದ್ವಿರುಕ್ತಿಯು ವ್ಯರ್ಥವಲ್ಲ. ಮನೆಮನೆ ಎಂದರೆ ಪ್ರತಿಯೊಂದು ಮನೆ. ದೊಡ್ಡ ದೊಡ್ಡ ಮರ ಎಂದರೆ ಬರಿಯ ದೊಡ್ಡ ಮರವಲ್ಲ, ಹಲವು ಮರ. ಆದುದರಿಂದ ವಾಕ್ಯದ ಪದಗಳನ್ನು ಒಂದೊಂದಾಗಿ ಎಣಿಸಿ ಅಕ್ಷರವಿಟ್ಟರೆ ಕೆಲಸ ಕೆಡುತ್ತದೆ. ಅಕ್ಷರವನ್ನು ಅರ್ಥಕ್ಕೆ ಇಡಬೇಕು, ಪದಕ್ಕಲ್ಲ. ತರ್ಕದ ಪ್ರಶ್ನೆಯನ್ನು ಗಣಿತದ ಉಪಾಧ್ಯಾಯರಿಗಷ್ಟೇ ಒಪ್ಪಿಸಿ ಭಾಷೋಪಾಧ್ಯಾಯರು ಕೈಕಟ್ಟಿ ಕುಳಿತಿರುವುದು ಉಚಿತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಪುಸ್ತಕವು ವಿದ್ವಾಂಸರ ಗಮನಕ್ಕೆ ಬಂದಿತು. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಆಗ ಸ್ಥಾಪಿತವಾಗುತ್ತಿದ್ದ ಕ್ವೀನ್ಸ್ ಕಾಲೇಜಿಗೆ ಬೂಲನು ೧೮೪೬ರಲ್ಲಿಯೇ ಅರ್ಜಿ ಹಾಕಿದ್ದನು. ತನಗೆ ಪದವಿಯಿಲ್ಲವೆಂಬುದನ್ನು ಮರೆಮಾಚಲಿಲ್ಲ. ಡಿ ಮಾರ್ಗನ್ ಮೊದಲಾದವರು ಅವನ ಪರವಾಗಿ ಬರೆದುಕೊಟ್ಟರು. ೧೮೪೯ರಲ್ಲಿ ಅವನು ಅಲ್ಲಿಯ ಮೊದಲ ಗಣಿತ ಪ್ರಾಧ್ಯಾಪಕನಾದನು. ಮಗನ ಈ ಉನ್ನತಿಯನ್ನು ಕಾಣಲು ತಂದೆ ಉಳಿದಿರಲಿಲ್ಲ; ಹಿಂದಿನ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡಿದ್ದನು. ಭೀಕರ ಕ್ಷಾಮದಿಂದ ಬೆಂದಿದ್ದ ಆ ನಾಡಿನಲ್ಲಿಯೇ ಬೂಲನು ತನ್ನ ಮಹಾಗ್ರಂಥವನ್ನು ಬರೆದನು. ವಿಚಾರದ ನಿಯಮಗಳನ್ನು ಕುರಿತ ಆ ಗ್ರಂಥ ೧೮೫೪ರಲ್ಲಿ ಪ್ರಕಟವಾಯಿತು.

೧೮೫೫ರಲ್ಲಿ ಬೂಲನು ಮೇರಿ ಎವರೆಸ್ಟಳನ್ನು ವರಿಸಿದನು. ಇವಳ ದೊಡ್ಡಪ್ಪನೇ ಭಾರತದ ಸರ್ವೇಯರ್ ಜನರಲ್ ಆಗಿದ್ದ ಸರ್ ಜಾರ್ಜ್ ಎವರೆಸ್ಟ್. ಹಿಮಾಲಯದ ಶಿಖರಕ್ಕೆ ಹೆಸರು ಬಂದುದು ಇವನಿಂದಲೇ. ಎವರೆಸ್ಟನು ನಡೆಸಿದ ಭೂಮಾಪನ ಕಾರ್ಯವನ್ನು ಅವನಿಗಿಂತ ಹಿಂದೆ ಲ್ಯಾಂಬ್ಟನ್ನನು ಆರಂಭಿಸಿದುದು ಮೈಸೂರು ಸೀಮೆಯಲ್ಲಿ, ೧೮೦೦ರಲ್ಲಿ ಬೆಂಗಳೂರಿನ ಬಳಿ ಅಳೆದ ರೇಖೆಯಿಂದ. ಪತಿಯ ತರ್ಕದ ಹಿಂದೆ ಎವರೆಸ್ಟನ ಮೂಲಕ ಬಂದ ಭಾರತೀಯ ವಿಚಾರದ ಪ್ರೇರಣೆಯಿತ್ತೆಂದು ಮೇರಿಯು ೧೯೦೧ರಲ್ಲಿ ಜಗದೀಶಚಂದ್ರ ಬೋಸರಿಗೆ ಬರೆದ ಪತ್ರರೂಪದ ಪ್ರಬಂಧದಲ್ಲಿ ಹೇಳಿದ್ದಾಳೆ. ಕೇಳಲು ಹಿತವಾದ ಮಾತು. ಆದರೆ ಬೂಲನ ಹೊಳಹು ಡಾನ್‌ಕಾಸ್ಟರಿನ ಕಾಲದ್ದು, ಅವನು ಮೇರಿಯನ್ನು ಕಂಡುದು ೧೮೫೦ರಲ್ಲಿ. ಹಿತವಾದುದೆಲ್ಲವೂ ಸಿದ್ಧವಾದುದಲ್ಲವೆಂದು ತರ್ಕಶಾಸ್ತ್ರವೇ ಕಲಿಸುವುದರಿಂದ, ಇದನ್ನು ಮೇರಿಯ ಅಭಿಪ್ರಾಯವೆಂದೇ ಇಟ್ಟುಕೊಳ್ಳುವುದು ಲೇಸು.

ಬೂಲನ ಜೀವಿತಕಾಲದಲ್ಲಿ ಅವನ ಬೀಜಗಣಿತದಿಂದ ಲೌಕಿಕ ಪ್ರಯೋಜನವೇನೂ ಕಾಣಲಿಲ್ಲ. ೧೯೩೭ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಎಂಬ ವಿದ್ಯಾರ್ಥಿಯು, ವಿದ್ಯುತ್ತಿನ ಸ್ವಿಚ್ಚು ತೆರೆದಿರುವುದನ್ನೂ ಮುಚ್ಚಿರುವುದನ್ನೂ ಬೂಲನ ೦, ೧ಗಳಿಂದ ಬರೆದು ಮಂಡಲಗಳನ್ನು ಲೆಕ್ಕಹಾಕಬಹುದೆಂದು ತನ್ನ ಪ್ರಬಂಧದಲ್ಲಿ ತೋರಿಸಿದನು. ಗಣಕಯಂತ್ರಗಳ ರಚನೆಗೆ ಅದು ತಳಹದಿಯಾಯಿತು.

೧೮೬೪ರ ನವೆಂಬರ್ ತಿಂಗಳಲ್ಲಿ ಒಂದು ದಿನ, ಮನೆಯಿಂದ ಕಾಲೇಜಿಗೆ ಸುಮಾರು ಮೂರು ಮೈಲಿ ದೂರವನ್ನು ಬೂಲನು ಸುರಿಯುವ ಮಳೆಯಲ್ಲಿ ನಡೆದು ಹೋದನು. ತೊಯ್ದ ಉಡುಪಿನಲ್ಲಿಯೇ ಪಾಠ ಹೇಳಿದನು. ಜ್ವರ ಬಂದಿತು, ಶ್ವಾಸಕೋಶಕ್ಕೆ ಇಳಿಯಿತು. ರೋಗವು ಯಾವುದರಿಂದ ಬಂದಿತೋ ಅದರಿಂದಲೇ ಹೋಗಬೇಕೆಂಬ ಚಿಕಿತ್ಸಾಕ್ರಮದಲ್ಲಿ ಮೇರಿಗೆ ನಂಬಿಕೆಯಿದ್ದು, ಪತಿಯನ್ನು ಒದ್ದೆಯ ಹೊದಿಕೆಗಳಲ್ಲಿ ಸುತ್ತಿ ಮಲಗಿಸಿದಳೆಂದು ಅವನ ಚರಿತ್ರೆಗಳಲ್ಲಿ ಬರುತ್ತದೆ. ವ್ಯಾಪ್ತಿಯನ್ನು ಪರೀಕ್ಷಿಸದೆ ಮಾಡಿದ ಅನುಮಾನವು ತರ್ಕಾಚಾರ್ಯನ ಹಾಸಿಗೆಯ ಬಳಿಯೇ ನಿಂತಿತ್ತು. ಪತ್ನಿಯ ಪ್ರೀತಿಯನ್ನು ಅದಕ್ಕಾಗಿ ಯಾರೂ ಶಂಕಿಸಲಾರರು. ಡಿಸೆಂಬರ್ ೮ರಂದು ಬೂಲನು ಗತಿಸಿದನು. ಅವನಿಗೆ ನಲವತ್ತೊಂಬತ್ತು ವರ್ಷ. ಕಾರ್ಕ್ ನಗರದ ಬಳಿಯ ಬ್ಲ್ಯಾಕ್‌ರಾಕಿನಲ್ಲಿ ಅವನ ಸಮಾಧಿಯಿದೆ.

ಐವರು ಹೆಣ್ಣುಮಕ್ಕಳು. ಕಡೆಯವಳಾದ ಎಥೆಲ್ ಇನ್ನೂ ತೊಟ್ಟಿಲಿನಲ್ಲಿದ್ದಳು. ಇವಳೇ ಮುಂದೆ ಪ್ರಸಿದ್ಧ ಕಾದಂಬರಿಗಾರ್ತಿಯಾದಳು. ಮೇರಿಯು ಲಂಡನ್ನಿಗೆ ಹೋಗಿ, ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪುಸ್ತಕಭಂಡಾರದ ಕೆಲಸಕ್ಕೆ ಸೇರಿದಳು. ಸೂಜಿ, ದಾರ, ರಟ್ಟುಗಳಿಂದ ಎಳೆಯರಿಗೆ ರೇಖಾಗಣಿತವನ್ನು ಕಲಿಸುವ ವಿಧಾನವೊಂದನ್ನು ಬಳಕೆಗೆ ತಂದಳು. ಮೂರನೆಯ ಮಗಳು ಅಲಿಷಿಯಾಳಿಗೆ ತಂದೆ ತೀರಿದಾಗ ನಾಲ್ಕು ವರ್ಷ. ಅವಳಿಗೆ ಕ್ರಮವಾದ ಗಣಿತ ಶಿಕ್ಷಣವೇ ದೊರೆಯಲಿಲ್ಲ. ಮರದ ಘನಾಕೃತಿಗಳನ್ನು ಜೋಡಿಸುತ್ತ ಜೋಡಿಸುತ್ತ, ಕಣ್ಣಿಗೆ ಕಾಣದ ನಾಲ್ಕನೆಯ ಆಯಾಮದ ಆಕೃತಿಗಳನ್ನು ಅವಳು ಮನಸ್ಸಿನಲ್ಲಿ ಕಂಡು, ಅವುಗಳ ಛೇದಗಳನ್ನು ರಟ್ಟಿನಲ್ಲಿ ಮಾಡಿಟ್ಟಳು. ಹಾಲೆಂಡಿನ ಗ್ರೊನಿಂಗನ್ ವಿಶ್ವವಿದ್ಯಾನಿಲಯವು ೧೯೧೪ರಲ್ಲಿ ಅವಳಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು.